ತೇವ ಕಾಯುವ ಪೊಟ್ಟಣಗಳು: ಮನೆಯಲ್ಲೇ ಮತ್ತೆ ಬಳಕೆಗೆ ತರುವ ಕ್ರಮ

ಧಾರವಾಡ, ಹುಬ್ಬಳ್ಳಿ, ಗದಗದ ಕಡೆ ಸಿತಾರ, ತಂಬೂರಿ, ವಾಯೊಲಿನ್ ಇಟ್ಟುಕೊಂಡವರ ಪೆಟ್ಟಿಗೆಗಳಲ್ಲಿ ಇತ್ತೀಚೆಗೆ ಅಂಗೈಯಗಲದ ಒಂದು ಪೊಟ್ಟಣ ಕಾಣಸಿಗುತ್ತದೆ. ಹೊರಗೆ ಕಾಗದದಂಥ ಹೊದಿಕೆ, ಒಳಗೆ ಮಂದವಾದ ದ್ರವ, ಮೇಲೆ 49 ಎಂಬಂಥ ಒಂದು ಅಂಕಿ. ಪೆಟ್ಟಿಗೆಯೊಳಗಿನ ಗಾಳಿ ಒಣಗಿದಾಗ ಇದು ತೇವವನ್ನು ಬಿಟ್ಟುಕೊಡುತ್ತದೆ, ಗಾಳಿ ಹಸಿಯಾದಾಗ ಹೀರಿಕೊಳ್ಳುತ್ತದೆ. ಹೀಗೆ ಒಳಗಿನ ಸಾಪೇಕ್ಷ ಆರ್ದ್ರತೆಯನ್ನು (ಗಾಳಿ ಹಿಡಿಯಬಲ್ಲ ತೇವದಲ್ಲಿ ಪ್ರತಿಶತ ಎಷ್ಟು ಇದೆ ಎಂಬ ಅಳತೆಯನ್ನು) ಆ ಅಂಕಿಯ ಆಸುಪಾಸಿನಲ್ಲಿ ನಿಲ್ಲಿಸುತ್ತದೆ. ನಮ್ಮೂರುಗಳ ಅಂಗಡಿಗಳಲ್ಲಿ ಇದು ಸುಲಭವಾಗಿ ಸಿಗುವ ಸರಕಲ್ಲ, ಬೆಲೆಯೂ ಕಡಿಮೆಯಲ್ಲ. ಶಿವರಾತ್ರಿಯ ನಂತರದ ಒಣಗಾಳಿಗೆ ಸಿಕ್ಕಿತೆಂದರೆ ಕೆಲವೇ ವಾರಗಳಲ್ಲಿ ಹಪ್ಪಳದಂತೆ ಗರಿಗರಿಯಾಗಿಬಿಡುತ್ತದೆ.

ಹಾಗೆ ಒಣಗಿದ ಪೊಟ್ಟಣವನ್ನು ಎಸೆಯಬೇಕಾಗಿಲ್ಲ. ಕ್ರಮವರಿತು ನೀರುಣಿಸಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ತಯಾರಕರು ಸಾಮಾನ್ಯವಾಗಿ ಇದನ್ನು ಒಪ್ಪುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಅವರ ಆಕ್ಷೇಪಣೆಯಲ್ಲಿ ವ್ಯಾಪಾರದ ಪಾಲೂ ಇದ್ದೀತು, ಆದರೆ ತಥ್ಯವೂ ಇದೆ: ಎಷ್ಟು ನೀರು ಸೇರಿತೆಂಬ ಲೆಕ್ಕವಿಲ್ಲದೆ ಮಾಡಿದರೆ ಪೊಟ್ಟಣದ ಮೇಲಿನ ಅಂಕಿಗೆ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಮುಂದೆ ಹೇಳುವ ಎಲ್ಲ ಕ್ರಮಗಳಿಗೂ ಒಂದು ಸಣ್ಣ ತಕ್ಕಡಿ ಬೇಕೇ ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಂವರೆಗೆ ಸರಿಯಾಗಿ ತೋರಿಸಿದರೆ ಸಾಕು. ಹತ್ತು ಗ್ರಾಂಗಿಂತ ಚಿಕ್ಕ ಪೊಟ್ಟಣಗಳಿಗೆ ಮಾತ್ರ ದಶಾಂಶ ತೋರಿಸುವ ತಕ್ಕಡಿ ಬೇಕಾಗುತ್ತದೆ.

ಕೈಯಲ್ಲಿರುವುದು ಯಾವ ಪೊಟ್ಟಣ?

ಅನೇಕರು ತಪ್ಪುವುದು ಇಲ್ಲಿಯೇ. ಶೂ ಡಬ್ಬಿ, ಕ್ಯಾಮೆರಾ ಚೀಲ, ಹೊಸ ಬ್ಯಾಗುಗಳ ಒಳಗೆ ಬರುವ, ಅಲುಗಿಸಿದರೆ ಸಣ್ಣ ಮಣಿಗಳು ಸರಬರ ಸದ್ದು ಮಾಡುವ ಪೊಟ್ಟಣ ಸಿಲಿಕಾ ಜೆಲ್. ಅದು ತೇವವನ್ನು ಹೀರುವುದಕ್ಕಷ್ಟೇ ಇರುವ ವಸ್ತು. ತುಂಬಿದ ಮೇಲೆ ಬಿಸಿ ಮಾಡಿದರೆ ನೀರನ್ನು ಬಿಟ್ಟು ಮೊದಲಿನಂತಾಗುತ್ತದೆ. ಅಂಕಿ ಅಚ್ಚಾಗಿರುವ, ಒತ್ತಿದರೆ ಮೆತ್ತಗೆ ಸರಿದಾಡುವ ಪೊಟ್ಟಣ ಎರಡೂ ಕಡೆ ಕೆಲಸ ಮಾಡುವಂಥದ್ದು. ಸಿಲಿಕಾ ಜೆಲ್ಲಿಗೆ ಮದ್ದಾದ ಬಿಸಿಯೇ ಇದಕ್ಕೆ ವಿಷ. ಒಂದನ್ನು ತವೆಯ ಮೇಲೆ ಬೆಚ್ಚಗೆ ಮಾಡಿ ಉಳಿಸಿಕೊಂಡವರು ಇನ್ನೊಂದಕ್ಕೂ ಅದೇ ಉಪಚಾರ ಮಾಡಿದರೆ ಅಂಟು ಬಿಟ್ಟು, ಪೊರೆ ಹರಿದು, ಒಳಗಿನ ಉಪ್ಪಿನ ಪಾಕ ಹೊರಬರುತ್ತದೆ.

ಇವೆರಡೂ ಅಲ್ಲದ ಕೆಲವು ಪೊಟ್ಟಣಗಳಿವೆ, ಅವುಗಳ ತಂಟೆಗೆ ಹೋಗಬಾರದು. ಬಟ್ಟೆ ಕಪಾಟಿನಲ್ಲಿ ತೂಗುಹಾಕುವ, ದಿನ ಕಳೆದಂತೆ ಕೆಳಗಿನ ಚೀಲದಲ್ಲಿ ನೀರು ತುಂಬುವ ಬಗೆಯಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ಕರಗಿ ದ್ರವವಾದ ಮೇಲೆ ಮನೆಯಲ್ಲಿ ಹಿಂದಕ್ಕೆ ತರುವಂತಿಲ್ಲ, ಆ ದ್ರವ ಲೋಹಕ್ಕೂ ಚರ್ಮದ ವಸ್ತುಗಳಿಗೂ ಹಾನಿಕರ. ತಿಂಡಿ ಪ್ಯಾಕೆಟ್ಟಿನೊಳಗಿನ ಕಬ್ಬಿಣದ ಪುಡಿಯ ಪೊಟ್ಟಣ ಆಮ್ಲಜನಕವನ್ನು ಹೀರಲು ಇಟ್ಟದ್ದು, ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವು ವಿದೇಶಿ ತಿನಿಸುಗಳಲ್ಲಿ ಸುಟ್ಟ ಸುಣ್ಣದ ಪೊಟ್ಟಣವಿರುತ್ತದೆ. ಅದಕ್ಕೆ ನೀರು ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಇನ್ನು ಮಾಲಿಕ್ಯುಲರ್ ಸೀವ್ ಎಂದು ಬರೆದಿರುವ, ತೇವ ಹೀರುವ ಮಣಿಗಳನ್ನು ಒಣಗಿಸಲು 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕಾಗುವುದರಿಂದ ಅವು ಮನೆಯ ಕೆಲಸವಲ್ಲ.

ಅಂಕಿಯ ಗುಟ್ಟು

ನೀರಿನಲ್ಲಿ ಇನ್ನು ಕರಗಲಾರದಷ್ಟು ಉಪ್ಪು ಹಾಕಿ, ತಳದಲ್ಲಿ ಕರಗದ ಹರಳು ಉಳಿಯುವಂತೆ ಮಾಡಿ, ಆ ಪಾಕವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡಬ್ಬಿಯ ಗಾಳಿಯ ಸಾಪೇಕ್ಷ ಆರ್ದ್ರತೆ ಒಂದು ನಿಶ್ಚಿತ ಮಟ್ಟದಲ್ಲಿ ನಿಲ್ಲುತ್ತದೆ. ಅಡುಗೆ ಉಪ್ಪಿಗೆ ಆ ಮಟ್ಟ ಸುಮಾರು 75 ಪ್ರತಿಶತ. ಮೆಗ್ನೀಸಿಯಂ ಕ್ಲೋರೈಡಿಗೆ 33, ಪೊಟ್ಯಾಸಿಯಂ ಕಾರ್ಬೊನೇಟಿಗೆ 43. ಬೊವೇಡಾ ಎಂಬ ಹೆಸರಿನಲ್ಲಿ ಮಾರುವಂಥ ಪೊಟ್ಟಣಗಳಲ್ಲಿ ಇಂಥ ಉಪ್ಪುಗಳ ಪಾಕವನ್ನು, ನೀರಾವಿ ಮಾತ್ರ ದಾಟಬಲ್ಲ ಪೊರೆಯೊಳಗೆ ತುಂಬಿರುತ್ತಾರೆ. ನೀರು ಹೆಚ್ಚುಕಡಿಮೆಯಾದರೂ ಕರಗದ ಹರಳು ಒಂದಿಷ್ಟು ಉಳಿದಿರುವವರೆಗೆ ಅಂಕಿ ಬದಲಾಗುವುದಿಲ್ಲ. ಉಪ್ಪೆಲ್ಲ ಕರಗಿಹೋಗುವಷ್ಟು ನೀರು ಸೇರಿತೋ, ಅಂಕಿ ಮೇಲೇರತೊಡಗುತ್ತದೆ. ನೀರೆಲ್ಲ ಹೋಗಿ ಹರಳೇ ಉಳಿಯಿತೋ, ಕೊಡಲು ಏನೂ ಇರುವುದಿಲ್ಲ. ಈ ಎರಡು ತುದಿಗಳ ನಡುವೆ ಪೊಟ್ಟಣವನ್ನು ಇರಿಸುವುದೇ ನಮ್ಮ ಕೆಲಸ.

ಇಂಟೆಗ್ರಾ ಬೂಸ್ಟ್ ಹೆಸರಿನಲ್ಲಿ ಬರುವಂಥ ಇನ್ನೊಂದು ಬಗೆಯಲ್ಲಿ ಉಪ್ಪಿನ ಬದಲು ಗ್ಲಿಸರಿನ್ ಇರುತ್ತದೆ. ಅಲ್ಲಿ ಕರಗದೆ ಉಳಿದು ಅಂಕಿಯನ್ನು ಹಿಡಿದು ನಿಲ್ಲಿಸುವ ಹರಳು ಇಲ್ಲವಾದ್ದರಿಂದ ಸೇರಿದ ಪ್ರತಿ ಗ್ರಾಂ ನೀರಿಗೂ ಅಂಕಿ ಸ್ವಲ್ಪ ಸರಿಯುತ್ತದೆ. ಅಂಥ ಪೊಟ್ಟಣವನ್ನು ಹೊಸದಿದ್ದಾಗಿನ ತೂಕಕ್ಕೆ ಕರಾರುವಾಕ್ಕಾಗಿ ತರಲು ಆಗದಿದ್ದರೆ ಸುಮ್ಮನಿರುವುದೇ ಲೇಸು.

ಹಾಗಾದರೆ ಉಪ್ಪು ತಂದು ಇಂಥ ಪೊಟ್ಟಣವನ್ನು ನಾವೇ ಮಾಡಿಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ಅಡುಗೆ ಉಪ್ಪಿನ 75 ಮರದ ವಾದ್ಯಕ್ಕೆ ತೀರ ಹೆಚ್ಚಾಯಿತು, ಆ ಮಟ್ಟದಲ್ಲಿ ಬೂಷ್ಟು ಹಿಡಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟಿನ 43 ಹೊಂದುತ್ತದೆಯಾದರೂ ಅದರ ಪಾಕ ಖಾರವಾದ ಕ್ಷಾರ. ಬಟ್ಟೆಯಲ್ಲಿ ಕಟ್ಟಿ ಸಿತಾರದ ಪಕ್ಕ ಇಡುವ ವಸ್ತುವಲ್ಲ. ಆ ಪೊರೆಯ ಕೆಲಸಗಾರಿಕೆಗೇ ನಾವು ದುಡ್ಡು ಕೊಡುವುದು.

ಒಣಗಿದ ಪೊಟ್ಟಣಕ್ಕೆ ನೀರುಣಿಸುವುದು

ಹೊಸ ಪೊಟ್ಟಣವನ್ನು ಹೊರಗವಚದಿಂದ ತೆಗೆದ ದಿನವೇ ತೂಗಿ, ಆ ತೂಕವನ್ನು ಅಂಚಿನ ಅಂಟುಪಟ್ಟಿಯ ಮೇಲೆ ಸಣ್ಣದಾಗಿ ಬರೆದಿಡಬೇಕು. ನಡುಭಾಗದಲ್ಲಿ ಮಾರ್ಕರ್ ಪೆನ್ನಿನಿಂದ ಬರೆಯಬಾರದು, ಉಸಿರಾಡುವುದು ಆ ಭಾಗವೇ. ತೂಕ ಬರೆಯದೆ ಬಳಸಿದ ಹಳೆಯ ಪೊಟ್ಟಣವಾದರೆ ಅದರ ಮೇಲೆ ಅಚ್ಚಾದ ಗ್ರಾಂ ಅಂಕಿಯನ್ನು ಅಂದಾಜಿಗೆ ಹಿಡಿಯಬಹುದು, ಆದರೆ ಅಂಥದ್ದನ್ನು ಅದರ ಹತ್ತು ಪ್ರತಿಶತ ಕಡಿಮೆಗೇ ನಿಲ್ಲಿಸುವುದು ಸುರಕ್ಷಿತ.

ನೀರುಣಿಸಲು ರಬ್ಬರ್ ಅಂಚಿನ ಮುಚ್ಚಳವಿರುವ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿ ಬೇಕು. ಎರಡು ಲೀಟರ್ ಹಿಡಿಯುವಂಥದ್ದು ಸಾಕು. ಡಬ್ಬಿಯನ್ನು ಸಾಬೂನು ಹಾಕಿ ತೊಳೆದು, ಕುದಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ತಳದಲ್ಲಿ ಒಂದು ಅಗಲ ಬಾಯಿಯ ಬಟ್ಟಲಿಟ್ಟು ಅದರಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರೇ ಇದು, ಬ್ಯಾಟರಿ ಅಂಗಡಿಗಳಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಪಕ್ಕದಲ್ಲೇ ಆಮ್ಲದ ಕ್ಯಾನೂ ಇರುವುದರಿಂದ ಚೀಟಿ ಓದಿ ತರಬೇಕು. ಪೊಟ್ಟಣಕ್ಕೆ ತಲುಪುವುದು ಆವಿ ಮಾತ್ರವಾದ್ದರಿಂದ ಬೋರ್‌ವೆಲ್ ನೀರಿನ ಸುಣ್ಣವಾಗಲಿ, ನಳಕ್ಕೆ ಬರುವ ಮಲಪ್ರಭೆ ನೀರಿನ ಲವಣವಾಗಲಿ ಬಟ್ಟಲಲ್ಲೇ ಉಳಿಯುತ್ತದೆ, ಹಾಗಾಗಿ ತತ್ತ್ವಶಃ ಯಾವ ನೀರಾದರೂ ನಡೆದೀತು. ಆದರೂ ಒಂದು ಹನಿ ಸಿಡಿದು ಪೊರೆಯ ಮೇಲೆ ಒಣಗಿದರೆ ಆ ಜಾಗದಲ್ಲಿ ಸುಣ್ಣದ ಕಲೆ ಕೂತು ರಂಧ್ರಗಳು ಕಟ್ಟಿಕೊಳ್ಳುತ್ತವೆ; ಕೆಲವೇ ರೂಪಾಯಿ ಉಳಿಸಲು ಆ ಅಪಾಯ ಬೇಡ.

ಬಟ್ಟಲಿನ ಮೇಲೆ ಚಹಾ ಸೋಸುವ ಜಾಲರಿಯನ್ನೋ ಸ್ಟೀಲ್ ಸ್ಟ್ಯಾಂಡನ್ನೋ ಇಟ್ಟು, ಅದರ ಮೇಲೆ ಪೊಟ್ಟಣವನ್ನು ನೀರಿಗೆ ತಾಗದಂತೆ ಮಲಗಿಸಬೇಕು. ಪೊಟ್ಟಣದ ಮೇಲೆ ಎರಡು ಬೆರಳೆತ್ತರದಲ್ಲಿ ತೆಳುವಾದ ಒಣ ಬಟ್ಟೆಯ ತುಂಡನ್ನು ಅಡ್ಡಗಟ್ಟುವುದು ಒಳ್ಳೆಯದು: ಹಗಲು ಬಿಸಿಯೇರಿ ರಾತ್ರಿ ತಂಪಾಗುವ ನಮ್ಮ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಅದೇ ಕಾರಣಕ್ಕೆ ಡಬ್ಬಿಯನ್ನು ಕಿಟಕಿಯ ಬಿಸಿಲಿಗಾಗಲಿ, ಒಲೆಯ ಹತ್ತಿರವಾಗಲಿ ಇಡದೆ ಒಳಕೋಣೆಯ ನೆರಳಿನಲ್ಲಿಡಬೇಕು.

ಮುಚ್ಚಿದ ಮೇಲೆ ಅವಸರ ಮಾಡುವಂತಿಲ್ಲ. ನೀರಿನ ಮೇಲಿನ ಗಾಳಿ ನೂರರ ಹತ್ತಿರ, ಪೊಟ್ಟಣದ ಒಳಗಿನದು 49ರಲ್ಲಿ. ಈ ಅಂತರವೇ ಆವಿಯನ್ನು ಒಳಗೆ ತಳ್ಳುತ್ತದೆ, ಮತ್ತು ಆ ಕೆಲಸ ನಿಧಾನ. ಪೂರ್ತಿ ಒಣಗಿದ ದೊಡ್ಡ ಪೊಟ್ಟಣಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ದಿನಕ್ಕೊಮ್ಮೆ ತೆಗೆದು ತೂಗಿ, ಬೆರಳಿನಿಂದ ಮೆಲ್ಲಗೆ ತಡವಿ ನೋಡಬೇಕು. ಮೊದಮೊದಲು ಒಳಗೆ ಗಟ್ಟಿ ಬಿಲ್ಲೆಯಂತಿರುವುದು ಅಂಚಿನಿಂದ ಕರಗುತ್ತ ಬಂದು, ಕೊನೆಗೆ ಮಂದ ಪಾಕದಲ್ಲಿ ಮರಳಿನಂಥ ಹರಳು ಕೈಗೆ ತಾಗುವ ಸ್ಥಿತಿಗೆ ಬರುತ್ತದೆ. ಆ ಹರಳು ಕೈಗೆ ತಾಗುತ್ತಿರುವಾಗಲೇ, ತೂಕವು ಬರೆದಿಟ್ಟ ಅಂಕಿಗಿಂತ ಎರಡು ಮೂರು ಗ್ರಾಂ ಕಡಿಮೆ ಇರುವಾಗಲೇ ತೆಗೆದುಬಿಡಬೇಕು. ನಾಲ್ಕೈದು ದಿನಕ್ಕೊಮ್ಮೆ ಬಟ್ಟಲಿನ ನೀರನ್ನು ಬದಲಾಯಿಸದಿದ್ದರೆ ಬೂಷ್ಟಿನ ವಾಸನೆ ಬರುತ್ತದೆ, ಆ ವಾಸನೆ ಮುಂದೆ ವಾದ್ಯದ ಪೆಟ್ಟಿಗೆಗೂ ಅಂಟುತ್ತದೆ.

ಪೊಟ್ಟಣವನ್ನು ನೇರ ನೀರಿನಲ್ಲಿ ಮುಳುಗಿಸಿ ಒಂದೆರಡು ದಿನಗಳಲ್ಲಿ ಕೆಲಸ ಮುಗಿಸುವವರೂ ಇದ್ದಾರೆ. ಅದರಿಂದ ನೀರು ಬೇಗ ಸೇರುವುದು ನಿಜ. ಆದರೆ ಅಂಚಿನ ಅಂಟು ನೆನೆಯುತ್ತದೆ, ಹೊದಿಕೆಯ ಕಾಗದ ಮೆತ್ತಗಾಗುತ್ತದೆ, ಎಲ್ಲಿಗೆ ನಿಲ್ಲಿಸಬೇಕೆಂಬುದು ತಿಳಿಯುವ ಮೊದಲೇ ಮಿತಿ ಮೀರಿರುತ್ತದೆ. ಚುಟ್ಟಾ ಡಬ್ಬಿಯಲ್ಲೂ ಇಂಥ ಪೊಟ್ಟಣ ಇಡುವವರಿದ್ದಾರೆ; ಅಲ್ಲಿ ಯಾರು ಏನಾದರೂ ಮಾಡಿಕೊಳ್ಳಲಿ, ಸಾವಿರಾರು ರೂಪಾಯಿಯ ವಾದ್ಯದ ಪಕ್ಕದಲ್ಲಿ ಇಡುವ ಪೊಟ್ಟಣಕ್ಕೆ ಈ ದಾರಿ ನನಗೆ ಸರಿಕಾಣುವುದಿಲ್ಲ.

ತೆಗೆದ ಪೊಟ್ಟಣವನ್ನು ಒಡನೆ ಪೆಟ್ಟಿಗೆಗೆ ಹಾಕದೆ, ಆರ್ದ್ರತೆ ಅಳೆಯುವ ಒಂದು ಸಣ್ಣ ಹೈಗ್ರೋಮೀಟರಿನ ಜೊತೆ ಜಿಪ್ ಚೀಲದಲ್ಲಿ ಎರಡು ದಿನ ಮುಚ್ಚಿಡಬೇಕು. 49ರ ಪೊಟ್ಟಣ 46ರಿಂದ 52ರ ನಡುವೆ ತೋರಿಸಿದರೆ ಕೆಲಸ ಸರಿಯಾಗಿದೆ. ಮೇಲಿದ್ದರೆ ಬೇಸಿಗೆಯ ಗಾಳಿಯಲ್ಲಿ ಅರ್ಧ ದಿನ ತೆರೆದಿಟ್ಟು ಮತ್ತೆ ತೂಗಿ ನೋಡಬೇಕು. ಕೆಳಗಿದ್ದರೆ ಮತ್ತೆ ಡಬ್ಬಿಗೆ. ಅಗ್ಗದ ಹೈಗ್ರೋಮೀಟರ್ ಐದಾರು ಅಂಕಿ ತಪ್ಪು ತೋರಿಸುವುದು ಸಾಮಾನ್ಯವಾದ್ದರಿಂದ ಅದರ ಪರೀಕ್ಷೆ ಮೊದಲೇ ಆಗಿರಬೇಕು: ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಚಿಮುಕಿಸಿ, ಅದನ್ನೂ ಉಪಕರಣವನ್ನೂ ಗಾಳಿಯಾಡದ ಚೀಲದಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ 75 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅದನ್ನು ಉಪಕರಣದ ಬೆನ್ನಿಗೆ ಬರೆದು ಅಂಟಿಸಿ, ಮುಂದೆ ಓದಿದಾಗಲೆಲ್ಲ ಕೂಡಿಸಬೇಕು ಇಲ್ಲವೇ ಕಳೆಯಬೇಕು.

ಮಳೆಗಾಲದ ಮಾತೇ ಬೇರೆ

ಮೃಗಶಿರ ಮಳೆ ಹಿಡಿದ ಮೇಲೆ ಧಾರವಾಡದಲ್ಲಿ ಇದೇ ಪೊಟ್ಟಣದ ಕಷ್ಟ ತಿರುವುಮುರುವಾಗುತ್ತದೆ. ಆರಿದ್ರಾ, ಪುನರ್ವಸುಗಳ ಜಿಟಿಜಿಟಿ ಮಳೆಯಲ್ಲಿ ದಿನಗಟ್ಟಲೆ ಹೊರಗಿನ ಆರ್ದ್ರತೆ 80ರ ಮೇಲೆಯೇ ಇರುವುದರಿಂದ, ಪೆಟ್ಟಿಗೆಯ ಸಂದಿಯಿಂದ ನುಸುಳಿದ ತೇವವನ್ನೆಲ್ಲ ಹೀರಿ ಪೊಟ್ಟಣ ಉಬ್ಬಿಕೊಳ್ಳುತ್ತದೆ. ಹೊಸದಿದ್ದಾಗಿನ ತೂಕಕ್ಕಿಂತ ಭಾರವಾಗಿ, ತಡವಿದರೆ ಹರಳೇ ಇಲ್ಲದೆ ತೆಳ್ಳನೆಯ ನೀರಿನಂತಿದ್ದರೆ ಅದು ಮಿತಿ ದಾಟಿದೆ ಎಂದು ತಿಳಿಯಬೇಕು. ಗದಗಿನ ಎರೆ ಸೀಮೆಯಲ್ಲಿ ಮಳೆ ಕಡಿಮೆಯಾದ್ದರಿಂದ ಈ ತೊಂದರೆಯೂ ಕಡಿಮೆ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಕಡೆಗೆ ಸರಿದಷ್ಟೂ ಹೆಚ್ಚು.

ಇಂಥ ದಿನಗಳಲ್ಲಿ ಪೊಟ್ಟಣವನ್ನು ಹೊರಗೆ ತೆರೆದಿಟ್ಟು ಒಣಗಿಸುತ್ತೇನೆಂದರೆ ಅದು ಇನ್ನಷ್ಟು ನೀರು ಕುಡಿಯುತ್ತದೆ. ಫ್ಯಾನಿನ ಕೆಳಗಿಟ್ಟರೂ ಅಷ್ಟೇ. ಇಲ್ಲಿ ನೆರವಿಗೆ ಬರುವುದು ಚೆನ್ನಾಗಿ ಒಣಗಿಸಿದ ಸಿಲಿಕಾ ಜೆಲ್. ನೀರಿನ ಬಟ್ಟಲು ಇದ್ದಲ್ಲಿ ಸಿಲಿಕಾ ಜೆಲ್ಲಿನ ಬಟ್ಟಲಿಟ್ಟು, ಮೊದಲಿನಂತೆಯೇ ಜಾಲರಿಯ ಮೇಲೆ ಪೊಟ್ಟಣವನ್ನು ಮಲಗಿಸಿ ಮುಚ್ಚಬೇಕು. ಆರ್ದ್ರತೆ 50ರ ಹತ್ತಿರವಿರುವಾಗ ಸಿಲಿಕಾ ಜೆಲ್ ತನ್ನ ತೂಕದ ಐದನೆಯ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ನೀರು ಹಿಡಿಯಬಲ್ಲದು. ಹತ್ತು ಗ್ರಾಂ ಹೆಚ್ಚುವರಿ ನೀರು ತೆಗೆಯಬೇಕಾದರೆ ಐವತ್ತು ಗ್ರಾಂ ಮಣಿ ಲೆಕ್ಕಕ್ಕೆ ಸಾಕಾದರೂ, ನೂರು ಗ್ರಾಂ ಹಾಕಿದರೆ ಕೆಲಸ ಬೇಗ ಸಾಗುತ್ತದೆ. ದಿನವೂ ತೂಗುತ್ತಿದ್ದು, ಬರೆದಿಟ್ಟ ತೂಕಕ್ಕೆ ಇಳಿದ ಕೂಡಲೇ ತೆಗೆಯಬೇಕು. ಮರೆತರೆ ಸಿಲಿಕಾ ಜೆಲ್ ಅದನ್ನು ಬೇಸಿಗೆಯ ಗಾಳಿಗಿಂತ ಚೆನ್ನಾಗಿ ಒಣಗಿಸಿಬಿಡುತ್ತದೆ.

ಸಿಲಿಕಾ ಜೆಲ್ ಒಣಗಿಸುವುದು

ಓವನ್ ಇದ್ದವರು ಮಣಿಗಳನ್ನು ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 110ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಬಣ್ಣದ ಮಣಿಗಳು ತಮ್ಮ ಬಣ್ಣ ಬದಲಿಸುವ ಗುಣವನ್ನೇ ಕಳೆದುಕೊಳ್ಳುತ್ತವೆ. ಓವನ್ ಇಲ್ಲದವರು ಅಡುಗೆಗೆ ಮತ್ತೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಹುರಿಯಬಹುದು. ತೂಕ ಇಳಿಯುವುದು ನಿಂತಿತೆಂದರೆ ಒಣಗಿತೆಂದೇ ಅರ್ಥ. ಬಿಸಿಯಾಗಿರುವಾಗಲೇ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಬೇಕು; ಮಳೆಗಾಲದಲ್ಲಿ ಆರಲೆಂದು ತೆರೆದಿಟ್ಟರೆ ಆರುವಷ್ಟರಲ್ಲಿ ಮತ್ತೆ ತೇವ ಹಿಡಿದಿರುತ್ತದೆ. ಪೊಟ್ಟಣದ ಸಮೇತ ಬಿಸಿ ಮಾಡುವುದು ಬೇಡ. ಹೊದಿಕೆಯಲ್ಲಿ ಪ್ಲಾಸ್ಟಿಕ್ ನಾರು ಇರುವುದರಿಂದ ಅದು ಮುದುಡಿ ಕರಗುತ್ತದೆ. ಕತ್ತರಿಸಿ ಮಣಿಗಳನ್ನು ಹೊರತೆಗೆದು, ಒಣಗಿಸಿದ ಮೇಲೆ ತೆಳು ಹತ್ತಿಬಟ್ಟೆಯ ಚೀಲಕ್ಕೆ ತುಂಬುವುದು ಸರಿ.

ಬಿಸಿಲಿನ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಹೆಚ್ಚಿನ ಕಡೆ ಬಿಸಿಲಿಗೆ ಸಿಲಿಕಾ ಜೆಲ್ ಒಣಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿರುತ್ತಾರೆ. ನಮ್ಮ ಸೀಮೆಯಲ್ಲಿ ಅದು ಪೂರ್ತಿ ನಿಜವಲ್ಲ. ಏಪ್ರಿಲ್ ಮಧ್ಯಾಹ್ನ ಗಾಳಿ 35 ಡಿಗ್ರಿಯಲ್ಲಿದ್ದು ಆರ್ದ್ರತೆ 30 ಇದೆ ಎನ್ನೋಣ. ಅದೇ ಗಾಳಿ ಮಾಳಿಗೆಯ ಮೇಲೆ ಕಾದು 60 ಡಿಗ್ರಿಯಾದ ಕಪ್ಪು ತಗಡಿಗೆ ತಾಗಿದಾಗ ಅದರ ಸಾಪೇಕ್ಷ ಆರ್ದ್ರತೆ ಹತ್ತಕ್ಕಿಂತ ಕೆಳಗಿಳಿಯುತ್ತದೆ. ಆ ಒಣಗಾಳಿಗೆ ಮಣಿಗಳು ತಮ್ಮ ನೀರಿನ ದೊಡ್ಡ ಪಾಲನ್ನು ಬಿಟ್ಟುಕೊಡುತ್ತವೆ. ಓವನ್ನಿನಷ್ಟು ಪೂರ್ಣವಾಗಿ ಅಲ್ಲದಿದ್ದರೂ ಮನೆಬಳಕೆಗೆ ಇದು ಸಾಕು. ಹನ್ನೆರಡರಿಂದ ನಾಲ್ಕರವರೆಗೆ ಹರಡಿ, ತಗಡು ಸುಡುತ್ತಿರುವಾಗಲೇ ಡಬ್ಬಿಗೆ ತುಂಬಬೇಕು. ಸಂಜೆಯವರೆಗೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಹೀಗೆ ಬೇಸಿಗೆಯಲ್ಲೇ ಒಂದು ಕಿಲೋದಷ್ಟು ಮಣಿ ಒಣಗಿಸಿಟ್ಟುಕೊಂಡವರಿಗೆ ಆಷಾಢದಲ್ಲಿ ಗ್ಯಾಸ್ ಖರ್ಚಿಲ್ಲ.

ನೀಲಿಯಿಂದ ನಸುಗೆಂಪಿಗೆ ತಿರುಗುವ ಮಣಿಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದರ ಧೂಳು ಉಸಿರಿಗೆ ಹೋಗುವುದು ಕ್ಯಾನ್ಸರ್‌ಕಾರಕವೆಂದು ಯುರೋಪಿನಲ್ಲಿ ವರ್ಗೀಕರಿಸಲಾಗಿದೆ. ಅವನ್ನು ಅಡುಗೆಯ ಓವನ್ನಿನಲ್ಲಿಯೂ ಮಕ್ಕಳ ಕೈಗೆಟಕುವಲ್ಲಿಯೂ ಇಡಬಾರದು. ಹೊಸದಾಗಿ ಕೊಳ್ಳುವುದಾದರೆ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನೋ, ಬಣ್ಣವಿಲ್ಲದ ಬಿಳಿ ಮಣಿಯನ್ನೋ ಕೊಳ್ಳುವುದು ಮೇಲು. ರಾಣೆಬೆನ್ನೂರಿನ ಕಡೆ ಬೀಜ ಕಾಪಿಡುವವರಿಗೆ ಬೇಕಾದುದೂ ಈ ಒಣಗಿಸಿದ ಬಿಳಿ ಮಣಿಯೇ. 49ರ ಪೊಟ್ಟಣವನ್ನು ಬೀಜದ ಡಬ್ಬಿಗೆ ಹಾಕಿದರೆ ಬೀಜ ಬಯಸುವುದಕ್ಕಿಂತ ಹೆಚ್ಚು ತೇವ ಅಲ್ಲಿ ನಿಲ್ಲುತ್ತದೆ.

ಪೆಟ್ಟಿಗೆಯಲ್ಲಿ ಇಡುವ ಬಗೆ

ನಮ್ಮ ಭಾಗದ ತಂಬೂರಿ, ಸಿತಾರಗಳು ಬಹುಪಾಲು ಮಹಾರಾಷ್ಟ್ರದ ಮಿರಜಿನಿಂದ ಬಂದವು. 2024ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ ಪಡೆದ ಕಸುಬು ಅದು. ಸೋರೆಯ ಬುರುಡೆಯೂ ಮರದ ದಂಡಿಯೂ ತೇವಕ್ಕೆ ಹಿಗ್ಗುವ ಕುಗ್ಗುವ ಪ್ರಮಾಣ ಒಂದೇ ಅಲ್ಲವಾದ್ದರಿಂದ ಒಣಗಾಳಿಗೆ ಮೊದಲು ಬಿರಿಯುವುದು ಅವೆರಡರ ಬೆಸುಗೆಯೇ. ಆದರೆ ಗೋಡೆಗೆ ಒರಗಿಸಿ ಬಟ್ಟೆಯ ಗವಸು ಹೊದಿಸಿದ ತಂಬೂರಿಗೆ ಎಷ್ಟು ಪೊಟ್ಟಣ ಇಟ್ಟರೂ ಉಪಯೋಗವಿಲ್ಲ, ಅದು ಇಡೀ ಕೋಣೆಯನ್ನು ತಣಿಸಲು ಹೆಣಗಿ ಒಣಗುತ್ತದೆ. ಫೈಬರ್ ಪೆಟ್ಟಿಗೆಯೋ, ಗವಸಿನ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಚೀಲವೋ ಇದ್ದರೆ ಮಾತ್ರ ಈ ಶ್ರಮಕ್ಕೆ ಬೆಲೆ. ಪೊಟ್ಟಣವನ್ನು ತಂತಿಗೂ ಮರಕ್ಕೂ ನೇರ ತಾಗದಂತೆ ಜಾಲಿಬಟ್ಟೆಯ ಚೀಲದಲ್ಲಿ ಹಾಕಿ ಇಡಬೇಕು. ಬುರುಡೆಯೊಳಗೆ ಇಳಿಬಿಡುವುದು ಬೇಡ. ಸೋರಿದರೆ ಕಣ್ಣಿಗೆ ಬೀಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು 69, 72ರ ಪೊಟ್ಟಣ ತರಿಸಿದವರು ಗಮನಿಸಬೇಕು: ಅವು ಚುಟ್ಟಾಗಳಿಗೆಂದು ಮಾಡಿದವು, ವಾದ್ಯದ ಪೆಟ್ಟಿಗೆಯಲ್ಲಿ ಬೂಷ್ಟನ್ನು ಸಾಕುತ್ತವೆ. ತಬಲಾ, ಪೇಟಿ (ಹಾರ್ಮೋನಿಯಂ)ಗಳಿಗೂ 49ರದ್ದೇ ಸಾಕು.

ಬಿಸಾಡಬೇಕಾದ ಹೊತ್ತು

ಒಂದು ಪೊಟ್ಟಣವನ್ನು ಇಷ್ಟೇ ಸಲ ಮರುಬಳಸಬಹುದೆಂಬ ಲೆಕ್ಕ ಯಾವುದೂ ಇಲ್ಲ, ಅದರ ಸ್ಥಿತಿಯೇ ಹೇಳುತ್ತದೆ. ಅಂಚಿನಲ್ಲಿ ಬಿಳಿ ಉಪ್ಪು ಹೂವಿನಂತೆ ಒಡೆದು ಕಂಡರೆ, ಮೇಲ್ಮೈ ಜಿಗುಟಾಗಿದ್ದರೆ, ಹೊದಿಕೆಯ ಮೇಲೆ ಕಪ್ಪು ಚುಕ್ಕೆ ಹುಟ್ಟಿದ್ದರೆ ಅದೇ ದಿನ ಹೊರಹಾಕಬೇಕು. ಮೂರು ವಾರ ಆವಿಯಲ್ಲಿಟ್ಟರೂ ತೂಕ ಏರದಿದ್ದರೆ ಪೊರೆ ಕಟ್ಟಿಕೊಂಡಿದೆ. ತೂಕ ಸರಿಯಿದ್ದು, ಎರಡು ಸಲ ಸರಿಪಡಿಸಿದ ಮೇಲೂ ಜಿಪ್ ಚೀಲದ ಪರೀಕ್ಷೆಯಲ್ಲಿ ಐದಕ್ಕಿಂತ ಹೆಚ್ಚು ಅಂಕಿ ವ್ಯತ್ಯಾಸ ಬಂದರೂ ಅದೇ ತೀರ್ಪು. ಪೆಟ್ಟಿಗೆಯಲ್ಲೇ ಸೋರಿದ್ದು ಕಂಡರೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೆಯಿಂದ ತೇವ ತೆಗೆದು, ಉಪ್ಪು ತಾಗಿದ ತಂತಿಗಳನ್ನು ಬದಲಾಯಿಸುವುದೇ ಸರಿ. ಒರೆಸಿದ ತಂತಿ ಹೊಳೆಯುತ್ತಿದ್ದರೂ ಕೆಲವು ದಿನಗಳಲ್ಲಿ ತುಕ್ಕು ಹಿಡಿದು ಶ್ರುತಿ ಏರಿಸುವಾಗ ಕಡಿಯುತ್ತದೆ. ಸದ್ಯಕ್ಕೆ ಬೇಡವಾದ, ಆದರೆ ಸುಸ್ಥಿತಿಯಲ್ಲಿರುವ ಪೊಟ್ಟಣಗಳನ್ನು ತೂಕ ಬರೆದ ಚೀಟಿಯೊಂದಿಗೆ ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ತುಂಬಿ ನೆರಳಿನಲ್ಲಿಟ್ಟರೆ ಮುಂದಿನ ಶಿವರಾತ್ರಿಯವರೆಗೂ ಹಾಗೆಯೇ ಇರುತ್ತವೆ. ಜಿಪ್ ಚೀಲ ಅಷ್ಟು ದಿನ ತಡೆಯುವುದಿಲ್ಲ.